ಬಾವನ ಡ್ರಾಯಿಂಗ್ ಬರೋವರೆಗೆ

ಮೊನ್ನೆ ನಂಜನಗೂಡಿನ ನಮ್ಮ ಬೀದಿಯ ಕೊನೆಮನೆಗೆ ಹೊಸ ಗೇಟು ಬಂತು. ಗೋಡೆಗೆ ಒರಗಿಸಿಟ್ಟು ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಹಲ್ಲು ಕಡಿದೆ. ಬಣ್ಣದ ವಾಸನೆಗೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಆಗುತ್ತೇನೆ. ಹಾಲು ತರಲು ಹೊರಟವನು ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋದೆ. ಎರಡು ವರ್ಷದ ಹಿಂದಿನ ಒಂದು ಬೇಸಿಗೆ ಪೂರ್ತಿ ಆ ವಾಸನೆಯಲ್ಲಿ ಕೂತಿದೆ. ಅದು ನಾನು ಸರ್ವೆ ಇಲಾಖೆಯಿಂದ ನಿವೃತ್ತನಾದ ಮೊದಲ ಬೇಸಿಗೆ.

ಮೂವತ್ತನಾಲ್ಕು ವರ್ಷ ಮಂದಿಯ ಜಮೀನು ಅಳೆದವನು ನಾನು. ಪೋಡಿ, ಹದ್ದುಬಸ್ತು, ನಕ್ಷೆ, ಇವಿಷ್ಟೇ ನನಗೆ ಗೊತ್ತಿದ್ದ ಪ್ರಪಂಚ. ನಿವೃತ್ತನಾದ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಲ್ಯಾಪ್‌ಟಾಪ್ ಕೊಂಡೆ, ಯಾರೋ ಹೇಳಿದರೆಂದು ಮನೆ ಡಿಸೈನ್ ಮಾಡುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿಕೊಂಡೆ. ಎರಡು ರೂಮು, ಒಂದು ಅಡುಗೆಮನೆ, ಮೇಲೆ ಚಪ್ಪಟೆ ತಾರಸಿಯ ಮನೆಯೊಂದನ್ನು ಒಂದೇ ವಾರದಲ್ಲಿ ಬರೆದು ಹೆಂಡತಿಗೆ ತೋರಿಸಿದೆ. ಅವಳು ಹೆಸರು ಕಾಳು ಆರಿಸುತ್ತಾ, "ಚೆನ್ನಾಗದೆ. ಒಲೆ ಎಲ್ಲಿ?" ಅಂದಳು. ಒಲೆಯನ್ನೂ ಇಟ್ಟೆ. ಅಷ್ಟಕ್ಕೇ ನಾನು ಎಂಜಿನಿಯರ್ ಆದೆ ಎಂದು ನನಗನ್ನಿಸಿತು.

ಹೆಂಡತಿ ರಾಜಮ್ಮಣ್ಣಿಯ ತವರು ಸುತ್ತೂರಿನ ಆಚೆ, ತಿರುಮಕೂಡಲು ನರಸೀಪುರದ ಕಡೆಯ ಒಂದು ಹಳ್ಳಿ. ಅವಳ ತಮ್ಮ ಮಹದೇವಸ್ವಾಮಿ ಅಲ್ಲಿ ಕಬ್ಬು, ಭತ್ತ ಬೆಳೆದುಕೊಂಡು ಚೆನ್ನಾಗಿಯೇ ಇದ್ದಾನೆ. ತೊಟ್ಟಿಮನೆ ಅದು. ನಡುವೆ ಆಕಾಶಕ್ಕೆ ತೆರೆದ ಚೌಕದ ಅಂಗಳ, ಸುತ್ತ ನಾಲ್ಕು ಕಡೆಗೂ ಹೆಂಚಿನ ಮಾಡು. ಹಿಂದಿನ ಮಳೆಗಾಲದಲ್ಲಿ ತೊಲೆಗಳು ಕುಂಬಾಗಿ ಒಂದು ಮೂಲೆ ಕುಸಿದಿತ್ತು. ಯುಗಾದಿ ಕಳೆದ ಮೇಲೆ ಮಾಡನ್ನು ಪೂರ್ತಿ ಬಿಚ್ಚಿ, ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ, ಅದೇ ಹೆಂಚನ್ನು ಮತ್ತೆ ಹೊದಿಸುವುದೆಂದು ಮಹದೇವ ನಿರ್ಧರಿಸಿದ್ದ. ಅವಸರಕ್ಕೆ ಕಾರಣವಿತ್ತು. ಅವನ ಮಗಳು ಸುಮ ಚೊಚ್ಚಲ ಬಸುರಿ, ಕವಲಂದೆಯ ಗಂಡನ ಮನೆಯಿಂದ ಬಾಣಂತನಕ್ಕೆ ಬರುವವಳಿದ್ದಳು. ಮಳೆ ಹಿಡಿಯುವ ಮುಂಚೆ ಹಿಂದಿನ ಎಡಮೂಲೆಯ ಬಾಣಂತಿ ಕೋಣೆಯ ಮೇಲೆ ಮಾಡು ನಿಲ್ಲಬೇಕಿತ್ತು. ಎಲ್ಲ ಸೇರಿ ಹದಿನೈದು ದಿನದ ಕೆಲಸ ಎಂದು ಹೇಳಿದ್ದರು.

ಮಾಡು ಬಿಚ್ಚಿದ ದಿನ ನಾವೂ ಹೋಗಿದ್ದೆವು. ನರಸೀಪುರದಿಂದ ಬಂದಿದ್ದ ವೆಲ್ಡಿಂಗ್ ನಾಗರಾಜು ಪೈಪುಗಳನ್ನು ಇಳಿಸಿ, ರೆಡ್ ಆಕ್ಸೈಡ್ ಬಳಿಸುತ್ತಾ, ಹಾಗೇ ಸುಮ್ಮನೆ ಒಂದು ಮಾತಂದ: "ಒಂದ್ ಡ್ರಾಯಿಂಗ್ ಇದ್ದಿದ್ರೆ ಪೈಪು ವೇಸ್ಟಾಗ್ತಿರಲಿಲ್ಲ ಸಾ. ಇಲ್ದಿದ್ರೂ ನಡೀತದೆ ಬುಡಿ."

ಎರಡನೆಯ ವಾಕ್ಯ ನನ್ನ ಕಿವಿಗೆ ಬೀಳಲೇ ಇಲ್ಲ. "ಡ್ರಾಯಿಂಗ್ ನಾನು ಕೊಡ್ತೀನಿ. ಕಂಪ್ಯೂಟರ್‌ನಲ್ಲಿ ಬರೆದು, ಒಂದೊಂದು ಪೈಪಿನ ಉದ್ದ ಇಂಚು ಸಮೇತ ಕೊಡ್ತೀನಿ. ಅಲ್ಲೀವರೆಗೆ ಒಂದು ಪೈಪೂ ಕತ್ತರಿಸಬೇಡಿ" ಅಂದೆ.

ಮಹದೇವ ನಾಗರಾಜುವಿನ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಎಂಗೆ ಏಳ್ತೀರೋ ಅಂಗೆ ಬಾವ" ಅಂದ. ಮೂರು ದಿನ ಸಾಕು ಎಂದು ನಾನು ಮಾತು ಕೊಟ್ಟೆ.

ಟೇಪು ಹಿಡಿದು ಅವತ್ತೇ ಮನೆ ಅಳೆದೆ. ಮುಂದಿನ ಗೋಡೆ ಮೂವತ್ತಮೂರು ಅಡಿ, ಹಿಂದಿನದು ಮೂವತ್ತೈದು. ತಪ್ಪಿರಬೇಕೆಂದು ಮತ್ತೆ ಅಳೆದೆ, ಅಷ್ಟೇ ಬಂತು. ಬಲಗೋಡೆ ನೆಟ್ಟಗಿದೆ, ಎಡಗೋಡೆ ಹಿಂದೆ ಹೋಗುತ್ತಾ ಹೊರಕ್ಕೆ ಸರಿಯುತ್ತದೆ. ಕೇಳಿದರೆ ಮಹದೇವ ಹೆಮ್ಮೆಯಿಂದ, "ಗೋಮುಖ ಬಾವ. ನಮ್ಮ ತಾತ ಬೇಕು ಅಂತ್ಲೇ ಅಂಗೆ ಕಟ್ಸಿರದು" ಅಂದ. ಮುಂದೆ ಕಿರಿದು, ಹಿಂದೆ ಅಗಲ, ಹಸುವಿನ ಮುಖದ ಹಾಗೆ. ಅಂಥ ಮನೆಗೆ ಬಂದ ಸಿರಿ ಹೊರಗೆ ಹೋಗುವುದಿಲ್ಲವೆಂದು ನಂಬಿಕೆ. ಒಳಗಿನ ತೊಟ್ಟಿ ಮಾತ್ರ ಅಚ್ಚುಕಟ್ಟಾದ ಚೌಕ. ಬೇರೆ ಯಾರಾದರೂ ಆಗಿದ್ದರೆ ಎರಡಡಿ ತಾನೇ ಎಂದು ಚೌಕವಾಗಿಯೇ ಬರೆದು ಮುಗಿಸುತ್ತಿದ್ದರು. ನಾನು ಸರ್ವೆಯವನು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮನೆಗೆ ಬಂದು ಕೂತೆ. ಆ ಸಾಫ್ಟ್‌ವೇರಿಗೆ ಓರೆ ಗೋಡೆ ಎಂದರೆ ಅಲರ್ಜಿ. ಎಡಗೋಡೆ ಎಳೆದರೆ ಅದು ಲಟಕ್ಕನೆ ನೆಟ್ಟಗೆ ನಿಂತುಬಿಡುತ್ತಿತ್ತು. ನಾನು ಓರೆ ಮಾಡುವುದು, ಅದು ನೆಟ್ಟಗೆ ಮಾಡುವುದು. ಹೀಗೆ ಜಗ್ಗಾಡಿ ಎರಡು ದಿನ ಹೋಯಿತು. ಆ ನೆಟ್ಟಗಾಗುವ ಚಾಳಿಯನ್ನು ನಿಲ್ಲಿಸಲು ಮೂಲೆಯಲ್ಲಿ ಒಂದು ಸಣ್ಣ ಗುಂಡಿ ಇದೆಯೆಂದು ಮೂರನೆಯ ದಿನ ಗೊತ್ತಾಯಿತು. ಅದನ್ನು ಅಲ್ಲಿಟ್ಟವನು ಎದುರಿಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಗೋಡೆ ಆಯಿತು, ಇನ್ನು ಮಾಡು. ಯೂಟ್ಯೂಬಿನಲ್ಲಿ ಒಬ್ಬ ಬಿಳಿಯ ಒಂದು ಗುಂಡಿ ಒತ್ತಿ, ನೋಡಿ ಮುಗಿಯಿತು ಎಂದು ನಕ್ಕ. ನಾನೂ ಒತ್ತಿದೆ. ತೊಟ್ಟಿ ಮಾಯವಾಯಿತು! ಅದೂ ಒಂದು ರೂಮೇ ಇರಬೇಕೆಂದು ತಿಳಿದ ಆ ಯಂತ್ರ ಮನೆಯ ಮೇಲೆ ದೊಡ್ಡದೊಂದು ಟೋಪಿ ಕವುಚಿ ಹಾಕಿತ್ತು. ಅಳಿಸಿದೆ. ನಾಲ್ಕು ಕಡೆಗೂ ಬೇರೆ ಬೇರೆ ಮಾಡು ಹಾಕಿದೆ. ಈಗ ಒಂದರೊಳಗೊಂದು ತೂರಿಕೊಂಡು ಅಡುಗೆಮನೆಯ ನಡುವೆ ಹೆಂಚು ಇಳಿಬಿತ್ತು. ಅದನ್ನೂ ಅಳಿಸಿದೆ. ಇಳಿಜಾರು ಎಲ್ಲ ಕಡೆ ಒಂದೇ ಇರಲಿ ಎಂದರೆ, ಎಡಭಾಗದ ಮಾಡಿನ ನೆತ್ತಿ ಮುಂದೆ ತಗ್ಗಾಗಿ, ಹಿಂದೆ ಹೋಗುತ್ತಾ ಏರು ಹತ್ತುತ್ತಿತ್ತು. ನೆತ್ತಿ ಒಂದೇ ಮಟ್ಟದಲ್ಲಿರಲಿ ಎಂದರೆ, ಹಿಂದಿನ ಎಡಮೂಲೆಯಲ್ಲಿ ಮಾಡು ಮುಚ್ಚಿಕೊಳ್ಳದೆ ಮೂರು ಮೂಲೆಯ ಒಂದು ಕಂಡಿ ಉಳಿಯುತ್ತಿತ್ತು. ಅಲ್ಲಿ ಮುಚ್ಚಿದರೆ ಇಲ್ಲಿ ತೆರೆಯುತ್ತಿತ್ತು. ಆ ಹಾಳು ಕಂಡಿ ಸರಿಯಾಗಿ ಸುಮಳ ಬಾಣಂತಿ ಕೋಣೆಯ ಮೇಲೆಯೇ ಕೂತಿತ್ತು.

ಮೂರು ದಿನ ಹತ್ತಾಯಿತು. ಕಂಡಿಯನ್ನು ಮುಚ್ಚಲು ಒಂದು ಡಿಗ್ರಿ ಏರಿಸುವುದು, ಅರ್ಧ ಡಿಗ್ರಿ ಇಳಿಸುವುದು, ಗೋಡೆಯ ಎತ್ತರ ಬದಲಿಸುವುದು. ಒಂದು ಸಲ ಮುಚ್ಚಿಯೇಬಿಟ್ಟಿತು. ಕುಣಿದಾಡುವಷ್ಟು ಸಂತೋಷವಾಗಿ ಪರದೆಯ ಮೇಲೆ ಮನೆಯನ್ನು ತಿರುಗಿಸಿ ನೋಡಿದರೆ, ಹಿಂದಿನ ಗೋಡೆ ಮೂರಡಿ ಮೇಲೆದ್ದು ಗಾಳಿಯಲ್ಲಿ ನಿಂತಿತ್ತು. ಮೌಸನ್ನು ಎತ್ತಿ ಎಸೆದೆ. ಅದು ದೇವರ ಗೂಡಿನ ಕೆಳಗೆ ಹೋಗಿ ಬಿತ್ತು. ರಾಜಮ್ಮಣ್ಣಿ ಅದನ್ನು ತಂದು ಮೇಜಿನ ಮೇಲಿಟ್ಟು, "ಆಗಲ್ಲ ಅಂದ್ರೆ ಆಗಲ್ಲ ಅಂತ ಏಳ್ಬುಡಿ, ಅವರ ಪಾಡಿಗೆ ಅವರು ಮಾಡ್ಕೋತಾರೆ" ಅಂದಳು.

"ಆ ಮನೆಯೇ ಡೊಂಕು. ನಾನೇನ್ ಮಾಡ್ಲಿ?"

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಹೇಳಿ ಒಳಗೆ ಹೋದಳು. ನೆಲ ನಿಜವಾಗಿಯೂ ಡೊಂಕಾಗಿರುವಾಗ ಈ ಗಾದೆ ಹೇಳುವುದು ಅನ್ಯಾಯ ಎಂದು ನಾನು ಅಡುಗೆಮನೆಯವರೆಗೂ ಹೋಗಿ ವಾದಿಸಿದೆ. ಅವಳು ಒಗ್ಗರಣೆ ಹಾಕಿದಳು. ಎರಡು ದಿನ ಮಾತು ಬಿಟ್ಟೆವು.

ಮಹದೇವ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದ. "ಬಾವ, ತಿಂಡಿ ಆಯ್ತಾ? ಅಕ್ಕ ಚೆನ್ನಾಗವ್ಳಾ?" ಎನ್ನುತ್ತಿದ್ದ. ಆಮೇಲೆ, "ಈ ಕಡೆ ಮೋಡ ಆಯ್ತಾ ಅದೆ ಬಾವ" ಎನ್ನುತ್ತಿದ್ದ. ನಾನು ಕಿಟಕಿಯಾಚೆ ನೋಡಿ, "ಇಲ್ಲೂ ಆಗಿದೆ ಕಣಯ್ಯ" ಎನ್ನುತ್ತಿದ್ದೆ. ಇನ್ನೊಂದು ದಿನ, "ಸುಮನ್ನ ಕರ್ಕೊಂಡು ಬಂದೊ ಬಾವ. ಬೆಸ ತಿಂಗಳಲ್ಲೇ ಕರೀಬೇಕು ಅಂದ್ರು" ಅಂದ. "ಒಳ್ಳೇದಾಯ್ತು" ಅಂದೆ. ಮತ್ತೊಂದು ದಿನ, "ರಾತ್ರಿ ನಾಕ್ ಹನಿ ಬಿತ್ತು" ಅಂದ. ಈ ಮನುಷ್ಯನಿಗೆ ಹವಾಮಾನ ಬಿಟ್ಟು ಮಾತೇ ಇಲ್ಲವಲ್ಲ, ನನ್ನ ಕೆಲಸದ ಏಕಾಗ್ರತೆ ಕೆಡಿಸುತ್ತಾನಲ್ಲ ಎಂದು ನನಗೆ ಅವನ ಮೇಲೆ ಕೋಪ ಬರುತ್ತಿತ್ತು. ಡ್ರಾಯಿಂಗ್ ಏನಾಯಿತೆಂದು ಅವನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಕಂಡಿಯ ಕಥೆ ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ.

ಇಪ್ಪತ್ತೆರಡನೆಯ ದಿನ ಮತ್ತೊಮ್ಮೆ ಅಳೆಯಬೇಕೆಂದು ಟೇಪು, ಲ್ಯಾಪ್‌ಟಾಪ್ ಎರಡನ್ನೂ ಹೊತ್ತು ಬಸ್ಸು ಹತ್ತಿದೆ. ಹೆಂಡತಿಯೂ ಬಂದಳು. ಮನೆ ನಾನು ಬಿಟ್ಟುಹೋದ ಹಾಗೇ ಇತ್ತು. ಮೇಲೆ ನೀಲಿ ಟಾರ್ಪಾಲು ಹರಡಿ ಹಗ್ಗ ಬಿಗಿದಿದ್ದರು. ಅಂಗಳದಲ್ಲಿ ಕೆಂಪು ಬಳಿದ ಪೈಪುಗಳು ಬಿಸಿಲಿಗೆ ಕಾದು ಆ ವಾಸನೆ ಬಿಡುತ್ತಿದ್ದವು. ಮನೆಮಂದಿ ಕೊಟ್ಟಿಗೆಗೆ ಹೊಂದಿಕೊಂಡ ಸಾರದಲ್ಲಿ, ಆ ಇಳಿಸೂರಿನ ಕೆಳಗೆ, ಒಲೆ ಹೂಡಿದ್ದರು. ಸುಮ ಎಡಮೂಲೆಯ ಕೋಣೆಯಲ್ಲಿ, ಟಾರ್ಪಾಲಿನ ಕೆಳಗೆ ಮಂಚ ಹಾಕಿಕೊಂಡು ಕೂತಿದ್ದಳು. "ಬನ್ನಿ ಮಾವ" ಎಂದು ಏಳಲು ಹೋದವಳಿಗೆ ಏಳಬೇಡವೆಂದು ಕೈಸನ್ನೆ ಮಾಡಿದೆ. ಮಹದೇವನ ಹೆಂಡತಿ ರತ್ನ ನನಗೆ ಮಜ್ಜಿಗೆ ಕೊಟ್ಟು, ಬಿಸಿಲಲ್ಲಿ ಬಂದಿರಿ ಎಂದು ಫ್ಯಾನು ತಂದಿಟ್ಟಳು. ಮಾಡು ಬಿಚ್ಚಿದ ಮೇಲೆ ಆ ಮನೆಗೆ ಉಳಿದದ್ದು ಅದೊಂದೇ ಫ್ಯಾನು. ಅದನ್ನು ಸುಮಳ ಕೋಣೆಯಿಂದ ತಂದಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಹೆಂಚು ಹೊದಿಸುವ ಸಿದ್ದಯ್ಯ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ನಾನು ಎಡಗೋಡೆಗೆ ಟೇಪು ಹಿಡಿದದ್ದನ್ನು ನೋಡಿ ಎದ್ದು ಬಂದ.

"ಅದನ್ಯಾಕೆ ಅಳೀತೀರಿ ಸಾ?"

"ಈ ಗೋಡೆ ಓರೆ ಇದೆಯಪ್ಪ. ಇದರ ಮೇಲೆ ಮಾಡು ಕೂರ್ತಾ ಇಲ್ಲ. ಮೂಲೇಲಿ ಕಂಡಿ ಬೀಳ್ತಿದೆ" ಎಂದು ಲ್ಯಾಪ್‌ಟಾಪ್ ತೆರೆದು ತೋರಿಸಿದೆ.

ಸಿದ್ದಯ್ಯ ಪರದೆಯನ್ನು ಬಹಳ ಹೊತ್ತು ನೋಡಲಿಲ್ಲ. "ಗೋಡೆ ಎಂಗಾರ ಓಗ್ಲಿ, ಮಾಡಿಗೇನಾಗ್ಬೇಕು ಅದರಿಂದ? ನೆತ್ತಿಗೊಂದು ದಾರ ಇಡೀಬೇಕು, ಅದಕ್ಕೆ ಸಮವಾಗಿ ಸೂರಿಗೊಂದು ದಾರ ಇಡೀಬೇಕು. ಗೋಡೆ ಕೆಳಗಡೆ ಅದರ ಪಾಡಿಗೆ ಅದು ಓಯ್ತದೆ. ಈ ಗೋಡೆ ಮುಂದ್ಗಡೆ ತುದೀಲಿ ಸೂರು ಎರಡೂವರೆ ಅಡಿ ಈಚೆಗೆ ಬತ್ತದೆ, ಇಂದ್ಗಡೆ ತುದೀಲಿ ಅರ್ಧ ಅಡಿ. ಮೊದಲೂ ಅಂಗೇ ಇತ್ತಲ್ಲ ಸಾ, ನೀವ್ ನೋಡಿಲ್ವಾ?"

ನೋಡಿರಲಿಲ್ಲ. ಮದುವೆಯಾಗಿ ಮೂವತ್ತು ವರ್ಷ ಆ ಮುಂದಿನ ಅಗಲ ಸೂರಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೇನೆ, ಹಿಂದಿನ ಸೂರು ಮೋಟಾಗಿದೆಯೆಂದು ಒಂದು ದಿನವೂ ನೋಡಿರಲಿಲ್ಲ. ಗೋಡೆಯನ್ನು ಇಂಚಿಂಚು ಬಿಡದೆ ಅಳೆದವನು ನಾನು, ಮಾಡು ಗೋಡೆಯನ್ನೇ ಹಿಂಬಾಲಿಸಬೇಕೆಂದು ಆ ಯಂತ್ರಕ್ಕೆ ಹಟ ಹಿಡಿದು ಹೇಳಿದವನೂ ನಾನೇ.

"ಇಷ್ಟು ಗೊತ್ತಿದ್ದವನು ಮೊದಲೇ ಹೇಳಬಾರದಿತ್ತೇ?" ಎಂದು ಅವನ ಮೇಲೆ ರೇಗಿದೆ.

"ಯಾರ್ ಕೇಳುದ್ರು ಸಾ? ಮೂರು ವಾರದಿಂದ ದಿನಾ ಬತ್ತೀನಿ, ಬೀಡಿ ಸೇದ್ತೀನಿ, ಓಯ್ತೀನಿ. ಬಾವನ ಡ್ರಾಯಿಂಗ್ ಬರೋವರ್ಗೂ ಮುಟ್ಟಂಗಿಲ್ಲ ಅಂತಾನೆ ಮಾದೇವ. ನಾಗರಾಜು ಎರಡು ಸಲ ಮಿಷನ್ ತಂದು ವಾಪಸ್ ತಕ್ಕೊಂಡೋದ. ಮನೆ ಅಳಿಯಂಗೆ ಎದುರು ಮಾತು ಆಡಕ್ಕೆ ಆಯ್ತದಾ ಸಾ? ನಾನಾದ್ರೆ ಹೊರಗಿನೋನು, ಅಂದ್ಬುಟ್ಟೆ."

ನನ್ನ ಮೈಯೆಲ್ಲ ಉರಿದುಹೋಯಿತು. ಮಹದೇವನನ್ನು ಕೂಗಿದೆ. "ನನಗಾಗಿ ಕಾಯ್ತಾ ಇದ್ದೆಯಾ? ಫೋನ್ ಮಾಡಿದಾಗ ಹೇಳೋಕೆ ಏನಾಗಿತ್ತು ನಿನಗೆ?"

ಅವನು ತಲೆ ತಗ್ಗಿಸಿ, "ಏಳ್ತಾನೇ ಇದ್ನಲ್ಲ ಬಾವ, ಮೋಡ ಆಯ್ತಾ ಅದೆ ಅಂತ" ಅಂದ.

ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಎದ್ದಿತು. ಅಂಗಳದ ಧೂಳು ಸುಳಿಯಾಗಿ ಮೇಲೆದ್ದು, ನಾವು ಬಟ್ಟೆಬರೆ ಒಳಗೆ ತರುವಷ್ಟರಲ್ಲಿ ದಪ್ಪ ದಪ್ಪ ಹನಿ ಬಿತ್ತು. ಮುಂಗಾರಿಗೆ ಮೊದಲಿನ ಆ ಮಳೆಗೆ ಹದವೂ ಇಲ್ಲ, ಅಂದಾಜೂ ಇಲ್ಲ. ಟಾರ್ಪಾಲು ಹೊಟ್ಟೆ ಉಬ್ಬಿಸಿಕೊಂಡು ನೀರು ತುಂಬಿಕೊಂಡಿತು. ಮಹದೇವ, ಸಿದ್ದಯ್ಯ, ನಾನು ಕೋಲು ಹಿಡಿದು ಕೆಳಗಿನಿಂದ ಎತ್ತಿ ನೀರು ಚೆಲ್ಲಲು ನೋಡಿದೆವು. ಎಡಮೂಲೆಯ ಹಗ್ಗ ಕಿತ್ತುಬಂತು. ಅಷ್ಟೂ ನೀರು ಒಂದೇ ಸಲಕ್ಕೆ ಸುಮಳ ಮಂಚದ ಮೇಲೆ ಬಿತ್ತು.

ರತ್ನ ಕಿರುಚಿಕೊಂಡು ಓಡಿದಳು. ಸುಮ ಅದೇ ಆಗ ಎದ್ದು ಬಾಗಿಲ ಹತ್ತಿರ ಬಂದಿದ್ದಳು, ಅವಳಿಗೆ ಏಟಾಗಲಿಲ್ಲ. ತಲೆಯಿಂದ ಕಾಲವರೆಗೆ ತೊಯ್ದು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಗೆ ಆತು ನಿಂತಿದ್ದಳು. ಹಳೆಯ ಸೀರೆಗಳನ್ನು ಒಗೆದು, ಮಡಿಸಿ, ಮಗುವಿಗೆಂದು ಎತ್ತಿಟ್ಟಿದ್ದ ಗಂಟು ಕೆಸರಲ್ಲಿ ಬಿದ್ದಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಅದರ ಬದಲು ಮಹದೇವ ನನ್ನ ಕೊರಳಪಟ್ಟಿ ಹಿಡಿದಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು. ಸುಮ ನಡುಗುತ್ತಲೇ, "ಮಾವಂಗೆ ಟವಲ್ ಕೊಡವ್ವ, ನೆಂದವ್ರೆ" ಅಂದಳು.

ಅವತ್ತು ಕೊಟ್ಟಿಗೆಯ ಸಾರದಲ್ಲಿ ಟವಲ್ ಹೊದ್ದು ಕೂತಾಗ ನನಗೆ ತಾಲ್ಲೂಕು ಕಚೇರಿಯ ನನ್ನ ಬಾಗಿಲು ನೆನಪಾಯಿತು. ಅಲ್ಲಿಯೂ ಜನ ಹೀಗೆಯೇ ನಿಂತಿರುತ್ತಿದ್ದರು. ಒಂದು ನಕ್ಷೆಗೆ, ಒಂದು ಸಹಿಗೆ, ತಿಂಗಳುಗಟ್ಟಲೆ. ನಾನು ಲಂಚ ತಿಂದವನಲ್ಲ, ಆ ಹೆಮ್ಮೆ ನನಗಿತ್ತು. ಆದರೆ ಇಂಚು ಇಂಚು ಸರಿಯಾಗಬೇಕೆಂದು ಫೈಲುಗಳನ್ನು ಇಟ್ಟುಕೊಂಡು ಕೂರುತ್ತಿದ್ದೆ. ತಡವಾಯಿತೆಂದು ಒಬ್ಬರೂ ನನಗೆ ಹೇಳಲಿಲ್ಲ. "ಸಾ, ಊಟ ಆಯ್ತಾ" ಎಂದು ಕೇಳುತ್ತಿದ್ದರು. "ಊರ್ ಕಡೆ ಮಳೆ ಆಯ್ತು ಸಾ, ಉಳಬೇಕು" ಎನ್ನುತ್ತಿದ್ದರು. ನಾನು ಸಂತೋಷ ಎನ್ನುತ್ತಿದ್ದೆ. ಅವರಿಗೆ ನನ್ನ ಮೇಲೆ ಗೌರವ ಎಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ನಾನೇ ನಾಗರಾಜುವಿಗೆ ಫೋನು ಮಾಡಿ ಮಿಷನ್ ತರಲು ಹೇಳಿದೆ. ಸಿದ್ದಯ್ಯ ನೆತ್ತಿಗೊಂದು, ಸೂರಿಗೊಂದು ದಾರ ಹಿಡಿದ. ಅವನು ಅಂದಷ್ಟು ಉದ್ದಕ್ಕೆ ನಾಗರಾಜು ಪೈಪು ಕತ್ತರಿಸಿದ. ಒಂದೇ ಉದ್ದ, ಎಲ್ಲವೂ. ನಾನು ಇಪ್ಪತ್ತೆರಡು ದಿನ ಹುಡುಕಿದ ಲೆಕ್ಕ ಒಂದೇ ಒಂದು ಅಳತೆಯದು. ಒಂಬತ್ತು ದಿನಕ್ಕೆ ಹೆಂಚು ಹೊದಿಸಿ ಮುಗಿಯಿತು. ಬಾಣಂತಿ ಕೋಣೆಯ ಮೂಲೆಯಲ್ಲಿ ಕಂಡಿ ಇರಲಿ, ಸೂಜಿ ತೂರುವಷ್ಟು ಸಂದಿಯೂ ಇರಲಿಲ್ಲ.

ನಂಜನಗೂಡಿಗೆ ಬಂದ ಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ ಲ್ಯಾಪ್‌ಟಾಪ್ ತೆರೆದೆ. ಗೋಡೆಗಳ ಗೊಡವೆ ಬಿಟ್ಟು, ಸೂರಿನ ಗೆರೆಯನ್ನಷ್ಟೇ ನೆಟ್ಟಗೆ ಎಳೆದು, ಮಾಡು ಹಾಕು ಎಂದೆ. ಹತ್ತು ನಿಮಿಷ ಹಿಡಿಯಲಿಲ್ಲ. ನಾಲ್ಕು ಮೂಲೆಯೂ ಮುಚ್ಚಿಕೊಂಡು, ನಡುವೆ ತೊಟ್ಟಿ ತೆರೆದುಕೊಂಡು, ಮನೆ ಪರದೆಯ ಮೇಲೆ ಚೆಂದವಾಗಿ ನಿಂತಿತು. ಯಾರಿಗೆ ತೋರಿಸುವುದು? ಮುಚ್ಚಿಟ್ಟೆ.

ಸುಮಳಿಗೆ ಹೆಣ್ಣುಮಗು ಆಯಿತು. ಜೋರು ಮಳೆಯ ಒಂದು ದಿನ ತೊಟ್ಟಿಲು ಶಾಸ್ತ್ರ. ಕವಲಂದೆಯಿಂದ ಅವಳ ಗಂಡನ ಕಡೆಯವರು ವ್ಯಾನು ಮಾಡಿಕೊಂಡು ಬಂದಿದ್ದರು. ಹೊಸ ಸೂರಿನಿಂದ ತೊಟ್ಟಿಗೆ ನಾಲ್ಕೂ ಕಡೆಯಿಂದ ನೀರು ಸಮನಾಗಿ ಸುರಿಯುತ್ತಿತ್ತು. ಅವರಲ್ಲಿ ಹಿರಿಯರೊಬ್ಬರು, ಸುಮಳ ಗಂಡನ ದೊಡ್ಡಪ್ಪ, ಮೇಲೆ ನೋಡಿ, "ಚೆನ್ನಾಗಿ ಕುಂತದೆ ಕಣ್ರೀ ಮಾಡು" ಅಂದರು.

"ಎಲ್ಲಾ ನಮ್ ಬಾವಂದೇ ಪ್ಲಾನು. ಸರ್ವೆ ಇಲಾಖೇಲಿದ್ದೋರು. ಕಂಪ್ಯೂಟರಲ್ಲಿ ಬರ್ದು ಕೊಟ್ರು" ಅಂದ ಮಹದೇವ. ಅವನ ಮುಖದಲ್ಲಿ ಕೊಂಕಿರಲಿಲ್ಲ. ನನ್ನ ಮರ್ಯಾದೆ ಉಳಿಯಬೇಕೆಂಬ ಕಾಳಜಿ ಮಾತ್ರ ಇತ್ತು, ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಸುಳ್ಳು. ಇದು ಸಿದ್ದಯ್ಯನ ಕೆಲಸ. ನನ್ನ ದೆಸೆಯಿಂದ ಇಪ್ಪತ್ತೆರಡು ದಿನ ಹಾಳಾಯ್ತು, ಈ ಮಗಳು ಮಳೇಲಿ ನೆಂದಳು" ಎಂದು ಜೋರಾಗಿಯೇ ಹೇಳಿದೆ.

ಎಲ್ಲರೂ ನಕ್ಕುಬಿಟ್ಟರು. "ದೊಡ್ಡೋರ ದೊಡ್ಡತನ" ಎಂದು ಯಾರೋ ಅಂದರು. ಆ ಹಿರಿಯರು ನನ್ನ ಪಕ್ಕಕ್ಕೆ ಬಂದು ಕೂತು ಕೈಮುಗಿದರು. "ನಮ್ಮನೆ ಮಾಡೂ ಬಿಚ್ಚಾಕಿವ್ನಿ ಸಾ. ಟಾರ್ಪಾಲ್ ಕಟ್ಕೊಂಡು ಕುಂತಿವಿ. ನಮಗೂ ಒಂದು ಬರ್ಕೊಡಿ. ತಡ ಆದ್ರೂ ಚಿಂತೆಯಿಲ್ಲ, ಕಾಯ್ತೀನಿ."

"ಕಾಯಬೇಡಿ. ನಾನು ಬರ್ಕೊಡಲ್ಲ. ಸಿದ್ದಯ್ಯ ಅಲ್ಲೇ ಊಟಕ್ಕೆ ಕೂತಿದ್ದಾನೆ, ನಾಳೆಯೇ ಕರ್ಕೊಂಡು ಹೋಗಿ" ಅಂದೆ.

ಅವರ ಮುಖ ಸಣ್ಣದಾಯಿತು. ಆಗಲಿ ಎಂದು ಎದ್ದು ಹೋದರು. ಊಟ ಮುಗಿಸಿ ಹಿತ್ತಿಲ ಬಾಗಿಲಲ್ಲಿ ಕೈ ತೊಳೆಯುವಾಗ ಗೋಡೆಯಾಚೆಯಿಂದ ಅವರ ಮಾತು ಕೇಳಿಸಿತು. "ರಿಟೈರಾದ್ರೂ ಕಚೇರಿ ಬುದ್ಧಿ ಓಗಿಲ್ಲ ನೋಡು. ಬಡವರು ಬಾಗಿಲಲ್ಲಿ ನಿಂತ್ಕೊಂಡ್ರೆ ಇವರಿಗೆ ಕಣ್ಣಿಗೇ ಕಾಣಲ್ಲ."

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ನನ್ನ ಕಿವಿಗೆ ಬೀಳುವ ಹಾಗೆ ಆ ಮಾತು ಆಡಿರಲಿಲ್ಲ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಾ, ಅವರು ಪೂರ್ತಿ ಆಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.